ಅಂಗಣವು ಯಾರದು?

ಇಂಗ್ಲಂಡಿನ ಲಿವರ್‌ಪೂಲ್ ನಗರದ ಎವರ್ಟನ್ ಕಾಲ್ಚೆಂಡಾಟದ ಸಂಘದವರು 1892 ರಿಂದ ತಮ್ಮ ಮನೆಯಾಗಿದ್ದ ಗುಡಿಸನ್ ಪಾರ್ಕ್ ಎಂಬ ಅಂಗಣದಲ್ಲಿ 2025 ರ ಮೇ 18 ರಂದು ಪುರುಷರ ತಂಡದ ಕೊನೆಯ ಪಂದ್ಯವನ್ನಾಡಿದರು. ಸೌತಾಂಪ್ಟನ್ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿದರು. ಗೆದ್ದ ದಿನವೇ ಅಲ್ಲಿ ನೆರೆದಿದ್ದ ಜನರು ಅತ್ತರು. ಅದೇ ವರ್ಷದ ಆಗಸ್ಟಿನಲ್ಲಿ, ಮರ್ಸೀ ನದಿಯ ದಂಡೆಯ ಹಳೆಯ ಹಡಗುಕಟ್ಟೆಯಲ್ಲಿ ಐವತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ ಕುಳಿತು ನೋಡುವಂತೆ ಕಟ್ಟಿದ ಹೊಸ ಕ್ರೀಡಾಂಗಣವನ್ನು ಆ ಸಂಘವು ಪ್ರವೇಶಿಸಿತು.

ದೂರದೇಶದ ಚೆಂಡಾಟದವರು ಮನೆ ಬದಲಿಸಿದ ಸುದ್ದಿಗೆ ಈ ಅಂಕಣದಲ್ಲಿ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಚೆಂಡಾಟವು ಬರಿಯ ಚೆಂಡಾಟವೇ ಆಗಿದ್ದರೆ ಆ ಪ್ರಶ್ನೆಯು ಯುಕ್ತವೇ ಸರಿ. ಆದರೆ 1911 ರಲ್ಲಿ ಕಲಕತ್ತೆಯ ಮೋಹನ ಬಗಾನಿನವರು ಬ್ರಿಟಿಷ್ ಸೇನೆಯ ತಂಡವನ್ನು ಸೋಲಿಸಿದಾಗ ದೇಶವು ಅದನ್ನು ಬರಿಯ ಆಟವೆಂದು ಎಣಿಸಲಿಲ್ಲ. 1937 ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡದವರು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಾಗ ಈ ನಾಡೂ ಎಣಿಸಲಿಲ್ಲ. ಮೇಲಾಗಿ ಇಲ್ಲಿರುವ ಪ್ರಶ್ನೆಯು ಆಟದ್ದಲ್ಲ, ಅಧಿಕಾರದ್ದು. ಮೂರು ನಾಲ್ಕು ತಲೆಮಾರುಗಳ ಜನರು ತಮ್ಮ ಬೆವರಿನ ಹಣ ಕೊಟ್ಟು, ಮಳೆಯಲ್ಲಿ ನಿಂತು, ಕೂಗಿ ಕರೆದು ಬೆಳೆಯಿಸಿದ ಒಂದು ಸ್ಥಳವನ್ನು, ಆ ಜನರನ್ನು ಕೇಳದೆ ಬಿಟ್ಟುಹೋಗುವ ಹಕ್ಕು ಕಾಗದಪತ್ರಗಳಲ್ಲಿ ಹೆಸರುಳ್ಳ ಒಡೆಯನೊಬ್ಬನಿಗೇ ಇರತಕ್ಕದ್ದೋ? ಇರಕೂಡದೆಂಬುದೇ ನಮ್ಮ ಅಭಿಪ್ರಾಯ.

ಈ ಹಕ್ಕಿನ ಫಲವನ್ನು ತಿಳಿಯಬಯಸುವವರು ಎವರ್ಟನ್ನಿಗಿಂತ ಮೊದಲು ಲಂಡನ್ನಿನ ಪೂರ್ವಭಾಗದ ವೆಸ್ಟ್ ಹ್ಯಾಮ್ ಸಂಘದ ಕಥೆಯನ್ನು ಓದಬೇಕು. ಥೇಮ್ಸ್ ನದಿಯ ಮೇಲಿನ ಹಡಗು ಕಟ್ಟುವ ಕಬ್ಬಿಣದ ಕಾರಖಾನೆಯೊಂದರ ಕೂಲಿಕಾರರಿಗಾಗಿ 1895 ರಲ್ಲಿ ಹುಟ್ಟಿದ ತಂಡವದು. ಕಾರಖಾನೆಯು ಎಂದೋ ಮುಚ್ಚಿಹೋಯಿತು; ಆದರೂ ಎದೆಯ ಮೇಲಿನ ಜೋಡಿ ಸುತ್ತಿಗೆಗಳು ಇಂದಿಗೂ ಅಳಿದಿಲ್ಲ. 1904 ರಿಂದ ಅಪ್ಟನ್ ಪಾರ್ಕಿನ ಬೊಲಿನ್ ಅಂಗಣವು ಅವರ ಮನೆ. 1966 ರಲ್ಲಿ ಇಂಗ್ಲಂಡು ವಿಶ್ವಕಪ್ಪನ್ನು ಗೆದ್ದ ಪಂದ್ಯದ ನಾಯಕನಾದ ಬಾಬ್ಬಿ ಮೂರ್, ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್, ಉಳಿದೊಂದನ್ನು ಹೊಡೆದ ಮಾರ್ಟಿನ್ ಪೀಟರ್ಸ್, ಮೂವರೂ ಈ ಬಡಕೇರಿಯ ತಂಡದವರು. ಅಂಗಣದ ಪಕ್ಕದ ಗ್ರೀನ್ ಸ್ಟ್ರೀಟಿನಲ್ಲಿ ನಮ್ಮ ದೇಶದಿಂದ ಹೋಗಿ ನೆಲೆಸಿದವರ ಸೀರೆಯಂಗಡಿಗಳೂ ಚಿನಿವಾರರ ಅಂಗಡಿಗಳೂ ಸಾಲಾಗಿವೆ. ಶನಿವಾರದ ಮಧ್ಯಾಹ್ನ ಕೆಂಗಂದು ಬಣ್ಣದ ಅಂಗಿ ತೊಟ್ಟ ಸಾವಿರಾರು ಮಂದಿ ಆ ಅಂಗಡಿಗಳ ಮುಂದಿನಿಂದಲೇ ಹಾದು ಆಟಕ್ಕೆ ಹೋಗುತ್ತಿದ್ದರು.

2012 ರ ಒಲಿಂಪಿಕ್ ಕ್ರೀಡೆಗಳಿಗಾಗಿ ಸ್ಟ್ರ್ಯಾಟ್‌ಫರ್ಡಿನಲ್ಲಿ ಕಟ್ಟಿದ ಮಹಾಕ್ರೀಡಾಂಗಣವು ಕ್ರೀಡೆಗಳು ಮುಗಿದೊಡನೆ ಯಜಮಾನನಿಲ್ಲದ ಅರಮನೆಯಂತಾಯಿತು. ವೆಸ್ಟ್ ಹ್ಯಾಮಿನ ಒಡೆಯರು ಅದರ ಮೇಲೆ ಕಣ್ಣಿಟ್ಟರು. ಬೊಲಿನ್ ಅಂಗಣದಲ್ಲಿ ಹಿಡಿಯುತ್ತಿದ್ದವರು ಸುಮಾರು ಮೂವತ್ತೈದು ಸಾವಿರ; ಅಲ್ಲಿ ಅರವತ್ತು ಸಾವಿರ. ದೊಡ್ಡ ಅಂಗಣ, ದೊಡ್ಡ ಆದಾಯ, ದೊಡ್ಡ ಆಟಗಾರರು ಎಂದು ಅವರು ಆಸೆ ತೋರಿಸಿದರು.

ಆಗ ಅಭಿಮಾನಿಗಳು ವ್ಯಕ್ತಪಡಿಸಿದ ಆತಂಕಗಳು ಹುಚ್ಚು ಭಾವನೆಗಳಾಗಿರಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇವೆ. ಅವರ ಮೊದಲನೆಯ ಮಾತು ಓಟದ ಹಾದಿಯನ್ನು ಕುರಿತದ್ದು. ಓಟಗಾರರಿಗಾಗಿ ಕಟ್ಟಿದ ಅಂಗಣದಲ್ಲಿ ಆಟದ ಹುಲ್ಲಿಗೂ ಪ್ರೇಕ್ಷಕರಿಗೂ ನಡುವೆ ವಿಶಾಲವಾದ ಬಯಲು ಉಳಿಯುತ್ತದೆ. ಬೊಲಿನ್ ಅಂಗಣದಲ್ಲಾದರೋ ಎದುರು ತಂಡದವನು ಬದಿಯ ಗೆರೆಯ ಬಳಿ ಚೆಂಡೆಸೆಯಲು ಬಂದರೆ ಮೊದಲ ಸಾಲಿನವನ ಬೈಗುಳವು ಅವನ ಕಿವಿಗೆ ನೇರವಾಗಿ ತಾಕುತ್ತಿತ್ತು. (ಬೈಗುಳವನ್ನು ನಾವು ಸಮರ್ಥಿಸುವುದಿಲ್ಲ, ಸಾಮೀಪ್ಯವನ್ನು ಸಮರ್ಥಿಸುತ್ತೇವೆ.) ಸರಿಯುವ ಆಸನಗಳನ್ನು ಹಾಕಿ ಈ ದೋಷವನ್ನು ನಿವಾರಿಸುವೆವೆಂದು ಉತ್ತರ ಬಂತು. ಹಾಕಿದರು ಕೂಡ. ಆದರೆ ಗೋಲುಗಳ ಹಿಂದಿನ ಸಾಲುಗಳು ದೂರವಾಗಿಯೇ ಉಳಿದವು. ಆ ಆಸನಗಳನ್ನು ಸರಿಸುವ ಕೆಲಸವೇ ಪ್ರತಿವರ್ಷವೂ ಲಕ್ಷಾಂತರ ಪೌಂಡುಗಳನ್ನು ನುಂಗುವ ಹೊಟ್ಟೆಯಾಯಿತು. ಒಟ್ಟಿಗೆ ನಿಂತು ಹಾಡುತ್ತಿದ್ದ ಗುಂಪುಗಳು ಚೆದರಿಹೋಗುವುವೆಂದು ಅಭಿಮಾನಿಗಳು ಹೇಳಿದ್ದರು, ಚೆದರಿದವು. ಹಳೆಯ ಬೀದಿಯ ಅಂಗಡಿಕಾರರ ಆಟದ ದಿನದ ವ್ಯಾಪಾರವು ನಿಲ್ಲುವುದೆಂದಿದ್ದರು, ನಿಂತಿತು. ತಂಡದ ಲಾಂಛನದಿಂದ ಬೊಲಿನ್ ಕೋಟೆಯ ಚಿತ್ರವು ಮಾಯವಾಗಿ, ಅದರ ಕೆಳಗೆ ‘ಲಂಡನ್’ ಎಂಬ ಶಬ್ದವು ಬಂದು ಕುಳಿತಿತು. ನೂರಿಪ್ಪತ್ತು ವರ್ಷ ತಾವು ಯಾವ ಊರಿನವರೆಂದು ಬರೆದುಕೊಳ್ಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

2016 ರ ಮೇ 10 ರಂದು ಹಳೆಯ ಅಂಗಣದಲ್ಲಿ ಕೊನೆಯ ಪಂದ್ಯವಾಯಿತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಮೂರಕ್ಕೆ ಎರಡರಿಂದ ಸೋತಿತು. ಬಳಿಕ ಅಂಗಣವನ್ನು ಕೆಡವಿ ವಸತಿಗೃಹಗಳನ್ನು ಕಟ್ಟಿದರು. ಎರಡು ವರ್ಷ ತುಂಬುವುದರೊಳಗೆ, 2018 ರ ಮಾರ್ಚ್ 10 ರಂದು, ಬರ್ನ್‌ಲಿ ತಂಡದೆದುರು ಸೋಲುತ್ತಿದ್ದ ಹೊತ್ತಿನಲ್ಲಿ, ಹೊಸ ಅಂಗಣದ ಜನರು ಒಡೆಯರ ಆಸನಗಳ ಕೆಳಗೆ ಸೇರಿ ಧಿಕ್ಕಾರ ಕೂಗಿದರು. ಒಬ್ಬನು ಮೂಲೆಯ ಬಾವುಟವನ್ನು ಕಿತ್ತು ತಂದು ಮೈದಾನದ ನಟ್ಟನಡುವೆ ನೆಟ್ಟು ನಿಂತನು. ಆಟದ ನಡುವೆ ಮೈದಾನಕ್ಕೆ ನುಗ್ಗುವುದು ಅಪರಾಧ. ಅದನ್ನು ನಾವು ಮೆಚ್ಚಲಾರೆವು. ಆದರೆ ಮೊದಲೇ ಕೇಳಬೇಕಾಗಿದ್ದ ಮಾತನ್ನು ಕೇಳದೆ ಹೋದಲ್ಲಿ ಆ ಮಾತು ಹೀಗೆ ಕೆಟ್ಟ ಹೊತ್ತಿನಲ್ಲಿ ಕೆಟ್ಟ ರೀತಿಯಲ್ಲಿ ಹೊರಬರುವುದು ಲೋಕಾನುಭವವಾಗಿದೆ.

ಇನ್ನು ಸಾರ್ವಜನಿಕ ಹಣದ ವಿಚಾರ. ಒಲಿಂಪಿಕ್ ಅಂಗಣವನ್ನು ಚೆಂಡಾಟಕ್ಕೆ ಒಪ್ಪುವಂತೆ ಮಾರ್ಪಡಿಸಲು 190 ಮಿಲಿಯ ಪೌಂಡು ಸಾಕೆಂದು ಆರಂಭದಲ್ಲಿ ಅಂದಾಜಿಸಿದ್ದರು. ಕೊನೆಗೆ ತಗುಲಿದ ವೆಚ್ಚವು 323 ಮಿಲಿಯವೆಂದು 2017 ರ ತನಿಖೆಯಲ್ಲಿ ಗೊತ್ತಾಯಿತು. ಇದಕ್ಕೆ ಸಂಘವು ಕೊಟ್ಟದ್ದು 15 ಮಿಲಿಯ. ವರ್ಷದ ಬಾಡಿಗೆ ಸುಮಾರು ಎರಡೂವರೆ ಮಿಲಿಯ. ಅವಧಿಯು 99 ವರ್ಷ. ಆ ಕರಾರುಪತ್ರವನ್ನು ಬಹುಕಾಲ ಗುಟ್ಟಾಗಿಟ್ಟಿದ್ದರು. ಹದಿನಾಲ್ಕು ಸಂಘಗಳ ಅಭಿಮಾನಿಗಳು ಒಟ್ಟುಗೂಡಿ ಮಾಹಿತಿಯ ಹಕ್ಕಿನ ಕಾನೂನನ್ನು ಹಿಡಿದು ಹೋರಾಡಿದ ಮೇಲೆ 2016 ರಲ್ಲಿ ಅದು ಬಯಲಿಗೆ ಬಂತು. ಗೋಲಿನ ಕಂಬಗಳ ಮತ್ತು ಮೂಲೆಯ ಬಾವುಟಗಳ ವೆಚ್ಚವನ್ನೂ ತೆರಿಗೆ ಕೊಡುವವರೇ ಹೊರಬೇಕೆಂಬುದು ಅದರಲ್ಲಿತ್ತು! ಪಟ್ಟಣದ ಬಡವನು ತನ್ನ ಮನೆಯ ಬಾಗಿಲ ಅಗುಳಿಗೆ ತಾನೇ ಹಣ ಕೊಡುತ್ತಾನೆ. ಕೋಟ್ಯಧೀಶರ ಗೋಲುಗಂಬಕ್ಕೂ ಅವನೇ ಕೊಡಬೇಕಾಯಿತು.

ಎದುರು ಪಕ್ಷದ ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಹೊಸ ಅಂಗಣದಲ್ಲಿ ಅತಿ ಕಡಮೆಯ ವಾರ್ಷಿಕ ಟಿಕೆಟಿನ ಬೆಲೆಯನ್ನು 289 ಪೌಂಡುಗಳಿಗೆ ಇಳಿಸಿದ್ದುದರಿಂದ, ಹಳೆಯ ಅಂಗಣದ ಹೊರಗೇ ಉಳಿದಿದ್ದ ಅನೇಕರು ಒಳಗೆ ಬಂದರು. 2023 ರ ಜೂನಿನಲ್ಲಿ ಪ್ರಾಗ್ ನಗರದಲ್ಲಿ ಆ ತಂಡವು ಯೂರೋಪಿನ ಕಾನ್ಫರೆನ್ಸ್ ಲೀಗ್ ಕಪ್ಪನ್ನು ಗೆದ್ದಿತು. ಆದುದರಿಂದ ಹೋಗಲೇಬಾರದಾಗಿತ್ತೆಂದು ನಾವು ಹೇಳುತ್ತಿಲ್ಲ. ಹೋಗುವವರಲ್ಲಿ ಬಹುಮಂದಿಯ ಸ್ಪಷ್ಟವಾದ ಸಮ್ಮತಿಯನ್ನು, ಲೆಕ್ಕವನ್ನೂ ಕರಾರನ್ನೂ ಅವರ ಮುಂದಿಟ್ಟು, ಪಡೆಯಬೇಕಾಗಿತ್ತು ಎನ್ನುತ್ತೇವೆ.

ಸಮ್ಮತಿಯಿಲ್ಲದ ವಲಸೆಯ ಪರಮಾವಧಿಯು ವಿಂಬಲ್ಡನ್ನಿನದು. ಸ್ವಂತ ಅಂಗಣವನ್ನು 1991 ರಲ್ಲಿಯೇ ತೊರೆದು ಬೇರೆಯವರ ಅಂಗಣದಲ್ಲಿ ಆಡುತ್ತಿದ್ದ ಆ ಸಂಘವನ್ನು ಸುಮಾರು ತೊಂಬತ್ತು ಕಿಲೋಮೀಟರು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು 2002 ರಲ್ಲಿ ಮೂವರು ಸದಸ್ಯರ ಆಯೋಗವು ಅನುಮತಿ ಕೊಟ್ಟಿತು. ಅಭಿಮಾನಿಗಳು ಹೊಸ ಸಂಘ ಕಟ್ಟುವುದು ಆಟದ ವಿಶಾಲ ಹಿತಕ್ಕೆ ಒಪ್ಪದೆಂದೂ ಆ ಆಯೋಗದ ವರದಿಯಲ್ಲಿ ಬರೆದಿತ್ತು. ಅಭಿಮಾನಿಗಳು ಓದಿದರು, ಕಟ್ಟಿಯೇ ಬಿಟ್ಟರು. ಊರ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿಕೊಂಡು, ಕೆಳಗಿನ ಪಂಕ್ತಿಗಳಿಂದ ಮೇಲಕ್ಕೇರುತ್ತ, 2011 ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿದರು. 2020 ರ ನವೆಂಬರಿನಲ್ಲಿ ಪೂರ್ವದ ಅಂಗಣಕ್ಕೆ ಕೂಗಳತೆಯ ದೂರದಲ್ಲಿ ತಮ್ಮದೇ ಅಂಗಣವನ್ನು ತೆರೆದರು. ಅದಕ್ಕಾಗಿ ಅಭಿಮಾನಿಗಳೇ ಸಾಲಪತ್ರಗಳನ್ನು ಕೊಂಡು ಐದು ಮಿಲಿಯ ಪೌಂಡುಗಳಿಗೂ ಮೇಲ್ಪಟ್ಟು ಕೂಡಿಸಿದ್ದರು. ಮಹಾಮಾರಿಯ ಕಾಲವಾದ್ದರಿಂದ ಮೊದಲ ಪಂದ್ಯದಂದು ಕಟ್ಟಿದವರಿಗೇ ಒಳಗೆ ಪ್ರವೇಶವಿರಲಿಲ್ಲ. ಸ್ವದೇಶಿಯ ಮಂತ್ರವನ್ನು ಕಂಡ ನಮ್ಮ ನಾಡಿಗೆ ಈ ಸ್ವಾವಲಂಬನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ದೇಶದ ಪಾರ್ಲಿಮೆಂಟು ಎಚ್ಚೆತ್ತು 2025 ರ ಜುಲೈಯಲ್ಲಿ ಕಾಲ್ಚೆಂಡಾಟದ ಆಡಳಿತದ ಕಾನೂನನ್ನು ಮಾಡಿದೆ. ಸ್ವತಂತ್ರ ನಿಯಂತ್ರಕರ ಅನುಮತಿಯಿಲ್ಲದೆ ಸಂಘವು ತನ್ನ ಅಂಗಣವನ್ನು ಮಾರುವಂತಿಲ್ಲ, ಬೇರೆಡೆಗೆ ಹೋಗುವಂತಿಲ್ಲ. ಇದು ಒಳ್ಳೆಯ ಹೆಜ್ಜೆಯೇ. ಆದರೂ ಅದರಲ್ಲಿ ಒಂದು ವಿಚಿತ್ರವಿದೆ: ಅಂಗಿಯ ಬಣ್ಣವನ್ನೋ ಲಾಂಛನವನ್ನೋ ಬದಲಿಸಬೇಕಾದರೆ ಅಭಿಮಾನಿಗಳಲ್ಲಿ ಬಹುಮತದ ಬೆಂಬಲವಿರಬೇಕು, ಮನೆಯನ್ನೇ ಬದಲಿಸಬೇಕಾದರೆ ಅವರ ಅಭಿಪ್ರಾಯವನ್ನು ಕೇಳಿದರೆ ಸಾಕು. ಅಂಗಿಗೆ ಮತ, ಅಂಗಣಕ್ಕೆ ಬರಿಯ ವಿಚಾರಣೆ!

ಎವರ್ಟನ್ನಿನವರಿಗೆ ಈ ಕಾನೂನಿನ ಆಸರೆ ಇರಲಿಲ್ಲವಾದರೂ ಅವರ ವಲಸೆಯು ವೆಸ್ಟ್ ಹ್ಯಾಮಿನದಕ್ಕಿಂತ ಸುಖಕರವಾಗಿ ನಡೆಯಿತು. ಕಾರಣಗಳು ಸ್ಪಷ್ಟವಾಗಿವೆ. ನಗರದ ಎಲ್ಲೆಯಾಚೆಯ ಕರ್ಕ್‌ಬಿಗೆ ಹೋಗುವ ಹಿಂದಿನ ಯೋಜನೆಯನ್ನು ಅಭಿಮಾನಿಗಳಲ್ಲಿ ಒಂದು ಗುಂಪು ಛಲ ಹಿಡಿದು ವಿರೋಧಿಸಿತ್ತು. 2009 ರಲ್ಲಿ ಸರಕಾರವು ಆ ಯೋಜನೆಯನ್ನು ತಳ್ಳಿಹಾಕಿತು. ಮುಂದಿನ ಯೋಜನೆಯು ನಗರದೊಳಗೇ ಉಳಿಯಿತು. ಅದನ್ನು ಕುರಿತು ಸಂಘವು ಜನರನ್ನು ಕೇಳಿತು, ಹತ್ತಾರು ಸಾವಿರ ಮಂದಿ ಉತ್ತರಿಸಿದರು. ಅಂಗಣವನ್ನು ಕಾಲ್ಚೆಂಡಾಟಕ್ಕಾಗಿಯೇ ಕಟ್ಟಿದ್ದರಿಂದ ಓಟದ ಹಾದಿಯ ಕಂದಕವಿಲ್ಲ. ಒಂದು ತುದಿಯಲ್ಲಿ ಸುಮಾರು ಹದಿಮೂರು ಸಾವಿರ ಮಂದಿ ಒತ್ತಾಗಿ ಸೇರುವ ಕಡಿದಾದ ಒಂದೇ ಭಾಗವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಗುಡಿಸನ್ ಪಾರ್ಕನ್ನು ಕೆಡವದೆ ಅದನ್ನು ಮಹಿಳೆಯರ ತಂಡಕ್ಕೆ ಕೊಟ್ಟರು. ಅಜ್ಜನ ಆಸನವು ಮೊಮ್ಮಗಳಿಗೆ ಬಂದಿತು.

ಹಡಗುಕಟ್ಟೆಯ ಮಾರ್ಪಾಟಿಗೆ ತೆತ್ತ ಬೆಲೆಯೂ ಇದೆಯೆಂಬುದು ಬೇರೆ ಮಾತು. ಹೊಸ ಕಟ್ಟಡಗಳಿಂದ ಹಳೆಯ ಬಂದರದ ಸ್ವರೂಪವು ಕೆಟ್ಟಿತೆಂದು 2021 ರಲ್ಲಿ ಯುನೆಸ್ಕೊ ಸಂಸ್ಥೆಯು ಲಿವರ್‌ಪೂಲನ್ನು ವಿಶ್ವಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು.

ಕಡೆಯದಾಗಿ ನಮ್ಮ ಮನೆಯ ಮಾತು. ಬೆಂಗಳೂರು ಎಫ್.ಸಿ. ಸಂಘವು 2013 ರಲ್ಲಿ ಹುಟ್ಟಿ, ಅಶೋಕನಗರದ ಹಳೆಯ ಕಾಲ್ಚೆಂಡಾಟದ ಅಂಗಣದಲ್ಲಾಡಿ, ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. ಅಲ್ಲಿ ಪಶ್ಚಿಮದ ಭಾಗದಲ್ಲಿ ಕುಳಿತು ಹಾಡುತ್ತಿದ್ದ ಯುವಕರ ಗುಂಪು ಆ ದಿಕ್ಕಿನ ಹೆಸರನ್ನೇ ತನ್ನದಾಗಿಸಿಕೊಂಡು, ಸಂಘವು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಹೆಸರನ್ನೂ ಹೊತ್ತುಕೊಂಡು ಹೋಯಿತು. 2016 ರ ಅಕ್ಟೋಬರಿನಲ್ಲಿ ಮಲೇಶಿಯದ ಜೊಹೋರ್ ತಂಡವನ್ನು ಸೋಲಿಸಿ ಏಷ್ಯದ ಎ.ಎಫ್.ಸಿ. ಕಪ್ಪಿನ ಕಡೆಯ ಸುತ್ತನ್ನು ಸೇರಿದ್ದು ಅಲ್ಲಿಯೇ. ಆದರೆ ಕಂಠೀರವವು ಓಟಗಾರರ ಅಂಗಣ. ಅಲ್ಲಿಯೂ ಹುಲ್ಲಿನ ಸುತ್ತ ಅದೇ ಹಾದಿಯಿದೆ. ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂದು ಓಟದವರು ಎತ್ತಿದ ತಕರಾರಿನಿಂದ 2019 ರಲ್ಲಿ ಸಂಘದ ತವರಿನ ಪಂದ್ಯಗಳು ಪುಣೆಗೆ ಹೋಗುವ ಸ್ಥಿತಿಯೇ ಬಂದಿತ್ತು. ಕಡೆಯ ಗಳಿಗೆಯಲ್ಲಿ ತಪ್ಪಿತು. ಓಟಗಾರರ ದೂರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರದೂ ನ್ಯಾಯವೇ. ಮೊದಲೇ ಇಬ್ಬರನ್ನೂ ಕೂರಿಸಿ ಕೇಳಿದ್ದರೆ ಎರಡು ನ್ಯಾಯಗಳು ಹೀಗೆ ಎದುರುಬದುರಾಗುತ್ತಿರಲಿಲ್ಲ.

ಕಂಠೀರವವು ರಾಜ್ಯದ ಜನರ ಹಣದಿಂದಾದದ್ದು. ಅದನ್ನು ಯಾವ ಸಂಘಕ್ಕೆ, ಎಷ್ಟು ದಿನಗಳಿಗೆ, ಯಾವ ಬಾಡಿಗೆಗೆ, ಓಟಗಾರರಿಗೆ ಯಾವ ವೇಳೆಯನ್ನು ಬಿಟ್ಟು ಕೊಡಲಾಗುವುದೆಂಬುದನ್ನು ಕ್ರೀಡಾ ಇಲಾಖೆಯವರು ಕರಾರಿಗೆ ಸಹಿ ಬೀಳುವುದಕ್ಕೆ ಮುಂಚೆಯೇ ಕನ್ನಡದಲ್ಲಿ ಅಚ್ಚು ಮಾಡಿಸಿ ಪ್ರಕಟಿಸಲಿ. ಪಶ್ಚಿಮದ ಭಾಗದವರನ್ನೂ, ಬೆಳಗಿನ ಐದು ಗಂಟೆಗೆ ಬಂದು ಓಡುವ ಮಕ್ಕಳ ತಾಯ್ತಂದೆಗಳನ್ನೂ ಕರೆದು ಕೇಳಲಿ. ಮುಂದೆಂದಾದರೂ ಈ ನಗರದಲ್ಲಿ ಕಾಲ್ಚೆಂಡಾಟಕ್ಕಾಗಿಯೇ ಒಂದು ಹೊಸ ಅಂಗಣವನ್ನು ಕಟ್ಟುವ ಮಾತು ಬಂದರೆ, ನಕ್ಷೆಯನ್ನು ಬರೆಯುವವರು ಮೊದಲು ಲಂಡನ್ನಿನ ಬಾರ್ಕಿಂಗ್ ರಸ್ತೆಯ ಕೂಡುದಾರಿಯನ್ನು ನೋಡಿ ಬರುವುದೊಳ್ಳೆಯದು. 1966 ರ ಕಪ್ಪನ್ನು ಹಿಡಿದ ಮೂರ್, ಹರ್ಸ್ಟ್, ಪೀಟರ್ಸರ ಕಂಚಿನ ವಿಗ್ರಹವು ಅಲ್ಲಿದೆ; ಅವರೊಂದಿಗಿರುವ ನಾಲ್ಕನೆಯವನು ಎವರ್ಟನ್ನಿನ ರೇ ವಿಲ್ಸನ್. ತಂಡವು ಸ್ಟ್ರ್ಯಾಟ್‌ಫರ್ಡಿಗೆ ಹೋಯಿತು. ವಿಗ್ರಹವು ಹೋಗಲಿಲ್ಲ.