ಎನ್‌ಕೌಂಟರ್: ಇದೆಂಥ ಭೇಟಿ?

ಇಂಗ್ಲಿಷಿನ ‘ಎನ್‌ಕೌಂಟರ್’ಗೆ ಆಕಸ್ಮಿಕ ಭೇಟಿ, ಎದುರಾಗುವುದು, ಘರ್ಷಣೆ ಎಂಬ ಅರ್ಥಗಳಿವೆ. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಪೊಲೀಸರ ಗುಂಡಿಗೆ ಸಾಯುವುದೆಂದೇ ಅರ್ಥ. ಉರ್ದುವಿನ ಮುಲಾಕಾತ್, ಕನ್ನಡದ ಮುಖಾಮುಖಿ ಮುಗಿದ ಮೇಲೂ ಇಬ್ಬರೂ ಮಾತಾಡಬಲ್ಲರು. ಇಲ್ಲಿ ಹೇಳಿಕೆ ಕೊಡಲು ಒಂದೇ ಕಡೆಯವರು ಉಳಿದಿರುತ್ತಾರೆ.

2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಹೀಗೆ ಸತ್ತಾಗ ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗ 2022ರಲ್ಲಿ ಹೇಳಿತು. ಇಂಥ ಸಾವುಗಳಿಗೆ ಎಫ್‌ಐಆರ್, ಸ್ವತಂತ್ರ ತನಿಖೆ ಕಡ್ಡಾಯವೆಂದು ಅದೇ ಕೋರ್ಟ್ 2014ರಲ್ಲೇ ವಿಧಿಸಿತ್ತು.

ಸತ್ತವನ ಹೆಸರು ನೋಡಿ ಚಪ್ಪಾಳೆಯನ್ನೋ ಕಣ್ಣೀರನ್ನೋ ಆರಿಸಿಕೊಳ್ಳುವವರು ನಾವಾಗಬಾರದು. ಅಪರಾಧ ತೀರ್ಮಾನಿಸಬೇಕಾದ್ದು ನ್ಯಾಯಾಲಯ, ಬಂದೂಕಲ್ಲ. ಕೊಂದದ್ದನ್ನು ಕೊಂದದ್ದೆಂದೇ ಬರೆಯೋಣ.