ಮಳೆನಾಡಿನ ಮನೆಗೊಂದು ಗಣಕಯಂತ್ರ

ಮೇ ತಿಂಗಳು ಬಂತೆಂದರೆ ದಕ್ಷಿಣ ಕನ್ನಡದ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಆರಂಭವಾಗುತ್ತದೆ. ಹಲಸಿನ ಹಪ್ಪಳ ಒಣಗಿ ಡಬ್ಬ ಸೇರುತ್ತದೆ, ಕಟ್ಟಿಗೆ ಅಟ್ಟವನ್ನೇರುತ್ತದೆ, ಮಾಡಿನ ಒಡೆದ ಹಂಚುಗಳನ್ನು ತೆಗೆದು ಹೊಸವನ್ನು ಕೂಡಿಸುತ್ತಾರೆ. ನಾಲ್ಕು ತಿಂಗಳ ಮಳೆಯನ್ನು ಎದುರಿಸುವ ವಿದ್ಯೆ ಅಲ್ಲಿನ ಗೃಹಸ್ಥರಿಗೆ ಯಾರೂ ಕಲಿಸಬೇಕಾದುದಲ್ಲ. ಆದರೆ ಅದೇ ಮನೆಯ ಚಾವಡಿಯಲ್ಲಿ ಅಷ್ಟೊಂದು ಹಣ ಕೊಟ್ಟು ತಂದಿರಿಸಿದ ಗಣಕಯಂತ್ರಕ್ಕೆ ಮಾಡಿದ ಸಿದ್ಧತೆ ಏನೆಂದು ಕೇಳಿದರೆ, ಹೆಚ್ಚಿನವರು ಅದರ ಮೇಲೆ ಹೊದಿಸಿದ ಬಟ್ಟೆಯನ್ನು ತೋರಿಸುತ್ತಾರೆ!

ಯಂತ್ರವೇನೋ ಎಲ್ಲೆಡೆಯೂ ಒಂದೇ. ಅದು ಕುಳಿತ ನೆಲ ಮಾತ್ರ ಒಂದೇ ಅಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಒಂದು ಮೀಟರ್ ಮಳೆ ಬಿದ್ದರೆ ದಕ್ಷಿಣ ಕನ್ನಡದಲ್ಲಿ ಮೂರೂವರೆ ಮೀಟರಿಗೂ ಮೀರಿ ಬೀಳುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ಮತ್ತೆ ಅಕ್ಟೋಬರ್-ನವೆಂಬರಿನಲ್ಲಿಯೂ ಸಿಡಿಲಿನ ಆರ್ಭಟ. ತೋಟದ ನಡುವೆ ಹಾದುಬರುವ ವಿದ್ಯುತ್ ತಂತಿಯ ಮೇಲೆ ತೆಂಗಿನ ಮಡಲೊಂದು ಬಿದ್ದರೆ ಸಾಕು, ಊರೇ ಕತ್ತಲೆ. ಆದುದರಿಂದ ಬೆಂಗಳೂರಿನ ಮಗನು ಬೆಳ್ತಂಗಡಿಯ ತಂದೆಗಾಗಿ ಯಂತ್ರವನ್ನು ಆರಿಸುವಾಗ ತನ್ನ ಮನೆಯ ಅನುಭವವನ್ನು ನೆಚ್ಚಿದರೆ ಸಾಲದು.

ಮೊದಲು ಕೊಳ್ಳುವ ವಿಚಾರ. ಮಕ್ಕಳ ಪಾಠ, ಮನೆಯ ಲೆಕ್ಕಪತ್ರ, ದೂರದ ಮಗ-ಸೊಸೆಯರೊಡನೆ ಮುಖ ನೋಡಿ ಮಾತುಕತೆ—ಇಷ್ಟಕ್ಕೆ ಭಾರಿ ಯಂತ್ರ ಬೇಕಿಲ್ಲ. 8 ಗಿಗಾಬೈಟ್ ಮೆಮೊರಿ, 512 ಗಿಗಾಬೈಟಿನ ಎಸ್.ಎಸ್.ಡಿ. ಇದ್ದರೆ ಸಾಕು, ಅನುಕೂಲವಿದ್ದವರು ಮೆಮೊರಿಯನ್ನು 16ಕ್ಕೆ ಏರಿಸಿಕೊಳ್ಳಬಹುದು. ಪದೇ ಪದೇ ವಿದ್ಯುತ್ತು ಹೋಗುವ ಹಳ್ಳಿಮನೆಗೆ ಲ್ಯಾಪ್‌ಟಾಪ್ ಲೇಸು. ಅದರ ಹೊಟ್ಟೆಯಲ್ಲಿಯೇ ಬ್ಯಾಟರಿ ಇದೆ. ಒಂದೊಂದು ಭಾಗ ಕೆಟ್ಟಾಗ ಅದನ್ನಷ್ಟೇ ಬದಲಿಸಿ ವರ್ಷಗಟ್ಟಲೆ ಬಾಳಿಸಬೇಕೆನ್ನುವವರಿಗೆ ಮೇಜಿನ ಗಣಕವೇ ಮೇಲು.

ಬೆಲೆಯಲ್ಲಿ ಸಾವಿರ ರೂಪಾಯಿ ಉಳಿಯುತ್ತದೆಂದು ದೂರದ ಊರಿನಿಂದ ತರಿಸುವವರು ಒಂದು ಪ್ರಶ್ನೆಯನ್ನು ಮರೆಯುತ್ತಾರೆ: ಕೆಟ್ಟಾಗ ಯಾರು ಬರುತ್ತಾರೆ? ಮನೆಗೇ ಬಂದು ದುರಸ್ತಿ ಮಾಡುವೆವೆಂದು ಜಾಹೀರಾತು ಮಾಡುವ ಕಂಪೆನಿಯ ಜನ ಘಟ್ಟದ ಬುಡದ ಹಳ್ಳಿಗೂ ಬರುವರೇ ಎಂಬುದನ್ನು, ಮನೆಯ ಪಿನ್‌ಕೋಡ್ ಹೇಳಿ ಮೊದಲೇ ಕೇಳಿ ತಿಳಿಯಬೇಕು. ಇಲ್ಲವಾದರೆ ಬಿ.ಸಿ. ರೋಡಿನಲ್ಲೋ ಮೂಡುಬಿದಿರೆಯಲ್ಲೋ, ಪೆಟ್ಟಿಗೆ ಹೊತ್ತುಕೊಂಡು ಅರ್ಧ ದಿನದಲ್ಲಿ ಹೋಗಿಬರುವಷ್ಟು ಹತ್ತಿರದ ಅಂಗಡಿಯೇ ಒಳ್ಳೆಯದು. ರಸೀದಿಯಲ್ಲಿ ಯಂತ್ರದ ಕ್ರಮಸಂಖ್ಯೆ ಬರೆದಿರಲೇಬೇಕು.

ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರಿಗೆ ಎಚ್ಚರಿಕೆಯ ಮಾತೊಂದುಂಟು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಯಂತ್ರವಾದಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯದು ಮನೆಯಲ್ಲೇ ಇದ್ದರೆ ಎಸೆಯಬೇಕಾಗಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿಸಿ, ಲಿನಕ್ಸ್ ಸ್ಥಾಪಿಸಿದರೆ ಮಕ್ಕಳ ಅಭ್ಯಾಸಕ್ಕೆ ಇನ್ನೂ ಕೆಲವು ವರ್ಷ ನಡೆದೀತು.

ಇನ್ನು ಜೋಡಣೆ. ಯಂತ್ರ ಮನೆಗೆ ಬಂದ ವಾರದಲ್ಲೇ ಊರಿನಿಂದ ಫೋನು: "ಮಾರಾಯ, ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ." ಯಂತ್ರ ಕೆಟ್ಟದ್ದೆಂದು ಮಗ ಅಂಗಡಿಯವನನ್ನು ಬೈಯುತ್ತಾನೆ. ತಪ್ಪು ಸಾಮಾನ್ಯವಾಗಿ ಯಂತ್ರದ್ದಲ್ಲ, ಗೋಡೆಯದು. ವಿದ್ಯುತ್ತಿನ ಕೊಳೆಯನ್ನು ಸೋಸಲೆಂದು ಗಣಕದ ಪವರ್ ಸಪ್ಲೈಯಲ್ಲಿ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ತೀರ ಅಲ್ಪ ಪ್ರವಾಹವನ್ನು ಲೋಹದ ಪೆಟ್ಟಿಗೆಗೆ ಬಿಡುತ್ತವೆ. ಅರ್ಥಿಂಗ್ ಸರಿಯಿದ್ದರೆ ಅದು ಸದ್ದಿಲ್ಲದೆ ಭೂಮಿಗಿಳಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ 230 ವೋಲ್ಟಿನ ಅರ್ಧದಷ್ಟು ಒತ್ತಡ ನಿಲ್ಲುತ್ತದೆ. ಮುಟ್ಟಿದ ಕೈ ಜುಮ್ಮೆನ್ನುತ್ತದೆ. ಆ ಜುಮ್ಮು ಮನೆಯ ಅರ್ಥಿಂಗ್ ಸತ್ತಿದೆಯೆಂಬ ಸುದ್ದಿ. ಅಂಥ ಮನೆಯಲ್ಲಿ ಗಣಕಕ್ಕಿಂತ ಮೊದಲು ಮನುಷ್ಯರಿಗೇ ಅಪಾಯ.

ಕರಾವಳಿಯ ಮುರಕಲ್ಲಿನ ನೆಲಕ್ಕೆ ಒಂದು ವಿಶೇಷವಿದೆ. ಮಳೆಗಾಲದಲ್ಲಿ ಹಸಿಯಾಗಿ ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುವ ಅದೇ ನೆಲ ಬೇಸಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅಂದರೆ, ಸಿಡಿಲು ಆರಂಭವಾಗುವ ಏಪ್ರಿಲ್ ತಿಂಗಳಿನಲ್ಲಿಯೇ ಅರ್ಥಿಂಗ್ ಅತ್ಯಂತ ದುರ್ಬಲ! ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಗೆಯಲ್ಲಿ ವಾರಕ್ಕೆರಡು ಬಾರಿ ಒಂದು ಕೊಡ ನೀರು ಹೊಯ್ಯುವುದು ಖರ್ಚಿಲ್ಲದ ರಕ್ಷಣೆ. ಬಲ್ಲ ಎಲೆಕ್ಟ್ರಿಶಿಯನ್ನರಿಂದ ಮೀಟರ್ ಹಿಡಿಸಿ ನೋಡಿದಾಗ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಕೆಲವರು ಸುಲಭವೆಂದು ಸಾಕೆಟ್ಟಿನೊಳಗೇ ನ್ಯೂಟ್ರಲ್ಲನ್ನು ಅರ್ಥಿಗೆ ಕಟ್ಟಿಬಿಡುವುದುಂಟು. ಇದನ್ನು ಎಂದೂ ಒಪ್ಪಕೂಡದು. ನ್ಯೂಟ್ರಲ್ ತಂತಿ ಕಡಿದ ದಿನ ಯಂತ್ರದ ಮೈಯೇ ಕೊಲ್ಲುವ ತಂತಿಯಾದೀತು.

ಯು.ಪಿ.ಎಸ್. ಬಗ್ಗೆ ಜನರಿಗಿರುವ ಭ್ರಮೆ ದೊಡ್ಡದು. ಸಾಮಾನ್ಯವಾದ 600 ವಿ.ಎ. ಯು.ಪಿ.ಎಸ್. ಹತ್ತು ಹದಿನೈದು ನಿಮಿಷ ಯಂತ್ರವನ್ನು ನಡೆಸುತ್ತದೆ. ಅದು ಕೆಲಸ ಮುಂದುವರಿಸಲೆಂದು ಕೊಟ್ಟ ಸಮಯವಲ್ಲ. ಬರೆದುದನ್ನು ಉಳಿಸಿ ಮುಚ್ಚಲೆಂದು ಕೊಟ್ಟದ್ದು. ಅದರ ಬ್ಯಾಟರಿಯ ಆಯುಸ್ಸು ಎರಡು ಮೂರು ವರ್ಷ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು. ಬಿಸಿಯಾಗುವಾಗ ಅದು ಎಳೆಯುವ ವಿದ್ಯುತ್ತನ್ನು ಹೊರುವ ಶಕ್ತಿ ಇದಕ್ಕಿಲ್ಲ.

ಸಿಡಿಲಿನ ಮುಂದೆ ಯು.ಪಿ.ಎಸ್. ಆಗಲಿ ಸ್ಪೈಕ್ ಗಾರ್ಡ್ ಆಗಲಿ ದೊಡ್ಡ ಶೂರರಲ್ಲ. ಮುಗಿಲಿನಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಶಕ್ತಿಗೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರುಗಳ ಅಂತರ ಯಾವ ಲೆಕ್ಕ? ಆದ್ದರಿಂದ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಅದೂ ಮೊದಲೇ. ಮಿಂಚು ಕಂಡು ಗುಡುಗು ಕೇಳಿಸುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನ ಲೆಕ್ಕ ಹಾಕಬಹುದು. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಅಷ್ಟರಲ್ಲಿ ಪ್ಲಗ್ಗು ಹೊರಗಿರಬೇಕಿತ್ತು. ನೆತ್ತಿಯ ಮೇಲೆ ಗುಡುಗುತ್ತಿರುವಾಗ ತಂತಿಯ ಬಳಿ ಹೋಗುವುದೇ ಬೇಡ. ಯಂತ್ರಕ್ಕಿಂತ ಪ್ರಾಣ ದೊಡ್ಡದು.

ಸಿಡಿಲು ಬರುವ ಬಾಗಿಲು ಒಂದೇ ಅಲ್ಲ. ಹಿಂದೆ ದೂರವಾಣಿಯ ತಾಮ್ರದ ತಂತಿಯಿಂದಲೇ ಅದೆಷ್ಟೋ ಮೋಡೆಮ್‌ಗಳು ಸುಟ್ಟವು. ಈಗಿನ ಫೈಬರ್ ಗಾಜಿನ ಎಳೆ. ಅದರೊಳಗೆ ವಿದ್ಯುತ್ತು ಹರಿಯದು. ಆದರೆ ಫೈಬರಿಗೆ ಆಧಾರವಾಗಿ ಉಕ್ಕಿನ ತಂತಿ ಇರುವುದುಂಟು. ಅದು ಮನೆಯ ಹೊರಗೇ ನಿಲ್ಲಬೇಕು. ರೂಟರಿನ ಪ್ಲಗ್ಗು, ಅಲ್ಲಿಂದ ಗಣಕಕ್ಕೆ ಬರುವ ಎಳೆ, ಟಿ.ವಿ. ಕೇಬಲ್—ಇವೂ ಬಾಗಿಲುಗಳೇ. ಗಣಕದ ಪ್ಲಗ್ಗು ಕಿತ್ತು ಇವನ್ನು ಮರೆತರೆ, ಎದುರು ಬಾಗಿಲಿಗೆ ಅಗಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ.

ಸಿಡಿಲಿನಿಂದ ಪಾರಾದ ಯಂತ್ರವನ್ನು ತೇವ ಹಿಡಿಯುತ್ತದೆ. ಆಟಿ ತಿಂಗಳಿನಲ್ಲಿ ಚಪ್ಪಲಿಗೂ ಬೂಸಲು ಬರುವ ನಾಡಿನಲ್ಲಿ ಗಣಕವನ್ನು ವಾರಗಟ್ಟಲೆ ಮುಚ್ಚಿಡುವುದು ರಕ್ಷಣೆಯಲ್ಲ. ಕೆಲಸವಿರಲಿ ಇಲ್ಲದಿರಲಿ, ಸಿಡಿಲಿಲ್ಲದ ಹೊತ್ತಿನಲ್ಲಿ ದಿನಕ್ಕೊಂದು ತಾಸು ನಡೆಸಿದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡಬೇಕು. 1923 ಮತ್ತು 1974ರ ನೇತ್ರಾವತಿಯ ನೆರೆಯನ್ನು ಹಿರಿಯರಿಂದ ಕೇಳಿದ ಬಂಟ್ವಾಳದವರಿಗೂ, 2019ರ ಆಗಸ್ಟಿನ ನೆರೆಯನ್ನು ಕಣ್ಣಾರೆ ಕಂಡ ಬೆಳ್ತಂಗಡಿಯವರಿಗೂ ಎತ್ತರದ ಬೆಲೆ ಹೇಳಬೇಕಾಗಿಲ್ಲ. ಹಿಂಬದಿಯ ತೂತುಗಳಿಗೆಲ್ಲ ಮುಚ್ಚಳವಿರಲಿ. ಬೆಚ್ಚನೆಯ ಜಾಗ ಹುಡುಕುವ ಹಲ್ಲಿ, ಇರುವೆಗಳಿಗೆ ಅದು ಅರಮನೆ.

ದುರಸ್ತಿಯಲ್ಲಿ ಅರ್ಧದಷ್ಟು ಮನೆಯಲ್ಲಿಯೇ ಆಗುವಂಥದು. ಯಂತ್ರ ಸತ್ತಂತೆ ಕಂಡರೆ ಮೊದಲು ಪ್ಲಗ್ಗು, ಹಿಂಬದಿಯ ಸ್ವಿಚ್ಚು, ಪರದೆಗೆ ಹೋಗುವ ಎಳೆ—ಇವನ್ನು ನೋಡಬೇಕು. ಫ್ಯಾನು ತಿರುಗಿ, ಬೀಪ್ ಎಂದು ಕೂಗಿ, ಪರದೆ ಕಪ್ಪಾಗಿಯೇ ಉಳಿದರೆ ಮೆಮೊರಿಯ ಕಾಲುಗಳಿಗೆ ತೇವದ ಕಿಲುಬು ಹಿಡಿದಿರಬಹುದು. ಪ್ಲಗ್ಗು ಕಿತ್ತು, ಪೆಟ್ಟಿಗೆ ತೆರೆದು, ಆ ಪಟ್ಟಿಯನ್ನು ಹೊರತೆಗೆದು, ಪೆನ್ಸಿಲಿನ ರಬ್ಬರಿನಿಂದ ಅದರ ಹೊಂಬಣ್ಣದ ಅಂಚನ್ನು ಮೃದುವಾಗಿ ಉಜ್ಜಿ ಮರಳಿ ಕೂರಿಸಿದರೆ ಅನೇಕ ವೇಳೆ ಜೀವ ಬರುತ್ತದೆ. ದಿನಾಂಕ ಹಿಂದಕ್ಕೆ ಹೋಗಿ, ಬ್ಯಾಂಕಿನ ಪುಟ ತೆರೆಯಲಾರೆನೆಂದರೆ ಒಳಗಿನ 3 ವೋಲ್ಟಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿರುವುದೇ ಹೆಚ್ಚು, ಸಿ.ಆರ್. 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲಿಯೂ ಸಿಕ್ಕೀತು. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ತೆರೆಯಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಆಘಾತ ಕೊಡುವಷ್ಟು ವಿದ್ಯುತ್ತು ಉಳಿದಿರುತ್ತದೆ. ಅಂಗಡಿಗೆ ಕೊಡುವುದಾದರೆ ಪರದೆಯ ಮೇಲೆ ಬಂದ ಮಾತನ್ನು ಅಕ್ಷರಶಃ ಬರೆದುಕೊಡಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು.

ಇಷ್ಟೆಲ್ಲ ಆದ ಮೇಲೂ ಯಂತ್ರ ಒಂದು ದಿನ ಸಾಯುತ್ತದೆ. ಹೋಗಲಿ, ಇನ್ನೊಂದು ಕೊಂಡರಾಯಿತು. ಅದರೊಳಗಿದ್ದ ಅಜ್ಜಿಯ ಕೊನೆಯ ಭಾವಚಿತ್ರ, ಮಗಳ ಮದುವೆಯ ಚಿತ್ರಗಳು, ನಿವೃತ್ತ ಮೇಷ್ಟ್ರು ಹತ್ತು ವರ್ಷ ಕುಳಿತು ಬರೆದ ಕುಟುಂಬದ ಚರಿತ್ರೆ—ಇವನ್ನು ಯಾವ ಅಂಗಡಿಯವರು ಮಾರುತ್ತಾರೆ? ಬರೆಹ ಉಳಿದರೂ ಓದಲಾಗದಂತೆ ಆಗುವುದುಂಟು. ಹಿಂದೆ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯಂತ್ರ ಬದಲಿಸುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಉಳಿಸುವ ಉಪಾಯಕ್ಕೆ ಗುರು ಬೇಕೆಂದರೆ ಮೂಡುಬಿದಿರೆಯೇ ಇದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಅಲ್ಲಿನ ಗುರು ಬಸದಿಯ ಭಂಡಾರದಲ್ಲಿ ಉಳಿದುಬಂದವು. ಇದೇ ಮಳೆ, ಇದೇ ತೇವ, ಇದೇ ಹುಳು. ಗರಿಗಳನ್ನು ಕಾಪಾಡಿದವರ ಶ್ರದ್ಧೆ ದೊಡ್ಡದು. ಆದರೂ ಆ ಗ್ರಂಥಗಳು ನಿಜವಾಗಿ ಅಪಾಯದಿಂದ ಪಾರಾದದ್ದು 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾದ ಮೇಲೆ. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಅನಂತರ ಅದು ಒಂದೇ ಭಂಡಾರದ ಸೊತ್ತಾಗಿ ಉಳಿಯಲಿಲ್ಲ; ಒಂದು ಊರಿನ ಬೆಂಕಿಯೋ ನೆರೆಯೋ ಅದನ್ನು ಅಳಿಸಲಾರದು.

ಗೃಹಸ್ಥರಿಗೆ ಇಷ್ಟೇ ಪಾಠ. ಮುಖ್ಯವಾದುದರ ಪ್ರತಿ ಮೂರು ಇರಲಿ: ಒಂದು ಗಣಕದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಬೇರೊಂದು ಊರಿನಲ್ಲಿ ಮಗಳ ಮನೆಯಲ್ಲೋ ಅಂತರಜಾಲದ ಭಂಡಾರದಲ್ಲೋ. ಪ್ರತಿ ಮಾಡಿದ ಕೂಡಲೇ ಹೊರಗಿನ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ, ಒಣಗಿದ ಡಬ್ಬದಲ್ಲಿಡಬೇಕು. ಜೋಡಿಸಿಯೇ ಇಟ್ಟರೆ ಯಂತ್ರದೊಡನೆ ಅದೂ ಸುಟ್ಟೀತು. ದಿನ ಮರೆಯುತ್ತದೆ ಎನ್ನುವವರಿಗೆ ತುಳುನಾಡಿನ ಪಂಚಾಂಗವೇ ನೆನಪಿನ ಗಂಟೆ: ಸಂಕ್ರಮಣಕ್ಕೊಮ್ಮೆ ಒಂದು ಪ್ರತಿ. ಅದಕ್ಕೆ ತಗಲುವುದು ಅರ್ಧ ತಾಸು. ಅದರಿಂದ ಉಳಿಯುವುದು ಒಂದು ಮನೆತನದ ನೆನಪು.