ಜನಮತವೂ ಜನನಾಯಕನೂ

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯ ಉಪಾಧ್ಯಾಯರೊಬ್ಬರು ಮೊನ್ನೆ ನಮ್ಮನ್ನು ಕಂಡು ಒಂದು ಪ್ರಶ್ನೆಯನ್ನು ಮುಂದಿಟ್ಟರು. “ಸ್ವಾಮಿ, ಜನರ ಮತದಿಂದಲೇ ಮೇಲೇರಿದವನು ಆ ಜನರಿಗೆ ಒಪ್ಪದ ಕಾರ್ಯವನ್ನು ಮಾಡಬಹುದೆ? ಮಾಡಿದರೆ ಅದು ಪ್ರಜಾಪ್ರಭುತ್ವವೆನಿಸೀತೆ?” ತರಗತಿಯಲ್ಲಿ ಹುಡುಗನೊಬ್ಬನು ಅವರನ್ನು ಹೀಗೆ ಕೇಳಿದನಂತೆ. ಮತದಾನದ ಹಕ್ಕುಳ್ಳ ಪ್ರತಿಯೊಬ್ಬನೂ ಯೋಚಿಸತಕ್ಕ ಪ್ರಶ್ನೆಯಿದು. ಆದುದರಿಂದ ಈ ವಾರ ಅದನ್ನೇ ಕೈಗೆತ್ತಿಕೊಂಡಿದ್ದೇವೆ.

ಈ ಪ್ರಶ್ನೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶಗಳಲ್ಲಿ ಅಮೇರಿಕಾ ಒಂದು. 1824ರ ಅಧ್ಯಕ್ಷ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ನನಿಗೆ ಉಳಿದವರೆಲ್ಲರಿಗಿಂತ ಹೆಚ್ಚು ಮತಗಳು ಬಂದರೂ ಪೂರ್ಣ ಬಹುಮತ ದೊರೆಯದೆ, ನಿರ್ಣಯವು ಪ್ರತಿನಿಧಿ ಸಭೆಗೆ ಹೋಗಿ ಜಾನ್ ಕ್ವಿನ್ಸಿ ಆಡಮ್ಸನು ಅಧ್ಯಕ್ಷನಾದನು. ದೊಡ್ಡವರು ಕೂಡಿ ಜನರ ಮತವನ್ನು ಮಾರಿಕೊಂಡರೆಂಬ ಕೂಗೆದ್ದಿತು. ಆ ಕಾಲಕ್ಕೆ ಆಸ್ತಿಯಿದ್ದವರಿಗೆ ಮಾತ್ರ ಮತವೆಂಬ ಕಟ್ಟಳೆಯು ಅಲ್ಲಿನ ಬಹುತೇಕ ಸಂಸ್ಥಾನಗಳಲ್ಲಿ ಬಿಳಿಯ ಗಂಡಸರ ಮಟ್ಟಿಗೆ ಸಡಿಲುತ್ತಲಿದ್ದಿತು. 1828ರಲ್ಲಿ ಜಾಕ್ಸನ್ನನಿಗೆ 178 ನಿರ್ವಾಚಕ ಮತಗಳೂ ಆಡಮ್ಸನಿಗೆ 83 ಮತಗಳೂ ಬಂದವು. 1829ರ ಮಾರ್ಚಿಯಲ್ಲಿ ಅವನು ಪ್ರಮಾಣವಚನ ಸ್ವೀಕರಿಸಿದ ದಿನ ಸಾಮಾನ್ಯ ಜನರು ಕೆಸರು ಮೆತ್ತಿದ ಪಾದರಕ್ಷೆಗಳಲ್ಲಿಯೇ ಅಧ್ಯಕ್ಷನ ನಿವಾಸದೊಳಕ್ಕೆ ನುಗ್ಗಿದರು. ಅರಮನೆಯು ನಮ್ಮದೆಂದು ಬಡವನಿಗೆ ಅನ್ನಿಸಿದ ಆ ದಿನವನ್ನು ನಾವು ಹಾಸ್ಯಮಾಡುವವರಲ್ಲ.

ಅದಂತಿರಲಿ. ಜನರ ಬಲವನ್ನು ಪಡೆದ ಜಾಕ್ಸನ್ನನು ಅದನ್ನು ಹೇಗೆ ಬಳಸಿದನೆಂಬುದನ್ನು ನೋಡಬೇಕು. ಚೆರೋಕಿ ಮೊದಲಾದ ಮೂಲನಿವಾಸಿಗಳ ನೆಲದ ಮೇಲೆ ಬಿಳಿಯ ರೈತರಿಗೆ ಕಣ್ಣಿದ್ದಿತು. 1830ರಲ್ಲಿ ಅವರನ್ನು ಪಶ್ಚಿಮಕ್ಕೆ ಸಾಗಿಸುವ ಕಾಯಿದೆಯು ಪ್ರತಿನಿಧಿ ಸಭೆಯಲ್ಲಿ 102ಕ್ಕೆ 97 ಮತಗಳಿಂದ ಅಂಗೀಕೃತವಾಯಿತು. ಜಾಕ್ಸನ್ನನು ಸಂತೋಷದಿಂದ ಸಹಿ ಹಾಕಿದನು. ಚೆರೋಕಿಗಳ ನಾಡಿನಲ್ಲಿ ಜಾರ್ಜಿಯಾದ ಕಾಯಿದೆಗಳು ನಡೆಯವೆಂದು 1832ರಲ್ಲಿ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತರೂ ಅವರ ನೆಲ ಉಳಿಯಲಿಲ್ಲ. ಅವನ ತರುವಾಯದ ಅಧ್ಯಕ್ಷನ ಕಾಲದಲ್ಲಿ, 1838-39ರಲ್ಲಿ, ಸೈನ್ಯದ ಕಾವಲಿನಲ್ಲಿ ಹೊರಟ ಚೆರೋಕಿಗಳಲ್ಲಿ ಸುಮಾರು 4,000 ಜನರು ಸತ್ತರೆಂದು ಅಂದಾಜಿದೆ. ಅವರಿಗೆ ಮತವಿರಲಿಲ್ಲ, ಮತವಿದ್ದವರಿಗೆ ಅವರ ನೆಲ ಬೇಕಾಗಿದ್ದಿತು.

ಆದರೆ ಅದೇ ಜಾಕ್ಸನ್ನನು ಇನ್ನೊಂದು ಸಂದರ್ಭದಲ್ಲಿ ಬೇರೆಯಾಗಿ ನಡೆದುಕೊಂಡನು. 1832ರ ನವೆಂಬರಿನಲ್ಲಿ ದಕ್ಷಿಣ ಕೆರೊಲಿನಾ ಸಂಸ್ಥಾನವು ಒಕ್ಕೂಟದ ಸುಂಕದ ಕಾಯಿದೆಯು ತನ್ನ ಗಡಿಯೊಳಗೆ ನಡೆಯದೆಂದು ಸಾರಿತು. ತಾನೂ ದಕ್ಷಿಣ ಸೀಮೆಯವನೇ ಆಗಿದ್ದರೂ ಜಾಕ್ಸನ್ನನು ಮುಂದಿನ ತಿಂಗಳೇ ಘೋಷಣೆಯನ್ನು ಹೊರಡಿಸಿ, ಒಕ್ಕೂಟವನ್ನು ಮುರಿಯುವ ಅಧಿಕಾರವು ಯಾವ ಸಂಸ್ಥಾನಕ್ಕೂ ಇಲ್ಲವೆಂದನು. 1833ರಲ್ಲಿ ಸುಂಕವನ್ನು ಇಳಿಸುವ ರಾಜಿಯಾಗಿ ವ್ಯಾಜ್ಯವು ಅಂದಿಗೆ ಶಮನವಾಯಿತು. ಒಬ್ಬನೇ ಮನುಷ್ಯನು ಒಂದು ಕಡೆ ತನ್ನವರ ಆಸೆಯ ಹಿಂದೆ ಹೋದನು. ಇನ್ನೊಂದು ಕಡೆ ತನ್ನ ಸೀಮೆಯವರಿಗೆ ಎದುರಾಗಿ ನಿಂತನು. ಇಂದು ಚರಿತ್ರೆಯು ಅವನಿಗೆ ಮನ್ನಣೆಯಿತ್ತಿರುವುದು ಈ ಎರಡನೆಯದಕ್ಕೆ.

ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಕೂಡಿದವರು 144 ಮಂದಿ, ಬಹುಮಟ್ಟಿಗೆ ಜಮೀನ್ದಾರರು ಮತ್ತು ವರ್ತಕರು. ಅವರು ಅರಿಕೆಮಾಡಬಹುದಾಗಿತ್ತೇ ಹೊರತು ಆಜ್ಞೆಮಾಡುವಂತಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರವು ಬಂದಿತು. 1952ರ ಚುನಾವಣೆಯಲ್ಲಿ ವಯಸ್ಕರೆಲ್ಲರೂ ಮತ ಹಾಕಿದರು. ಆಸ್ತಿಯಿಲ್ಲದವನೂ ಅಕ್ಷರ ಬಾರದವನೂ ಹೆಂಗಸರೂ ಒಂದೇ ಸಾಲಿನಲ್ಲಿ ನಿಂತರು. ಜಾಕ್ಸನ್ನನ ಅಮೇರಿಕಾವು ಕರಿಯರಿಗೂ ಹೆಂಗಸರಿಗೂ ಕೊಡದಿದ್ದುದನ್ನು ನಮ್ಮ ದೇಶವು ಒಂದೇ ಬಾರಿಗೆ ಎಲ್ಲರಿಗೂ ಕೊಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ.

ಆ ಜನಮತದಿಂದ ಮುಖ್ಯಮಂತ್ರಿಗಳಾದವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು. ರೈತರ ಮನೆಯಿಂದ ಬಂದು ವಕೀಲರಾಗಿ, ಸ್ವಾತಂತ್ರ್ಯ ಸಮರದಲ್ಲಿ ಸೆರೆಮನೆ ಕಂಡ ಅವರನ್ನು ಹಳೆಯ ಮೈಸೂರಿನ ಜನರು ತಮ್ಮವರೆಂದೇ ಬಗೆದಿದ್ದರು. ಆಗ ಏಕೀಕರಣದ ಪ್ರಶ್ನೆಯೆದ್ದಿತು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹರಿದು ಹಂಚಿದ್ದ ಕನ್ನಡಿಗರು ಮೈಸೂರಿನೊಡನೆ ಒಂದಾಗಬೇಕೆಂದು ಹಂಬಲಿಸಿದರೆ, ಮೈಸೂರಿನಲ್ಲಿಯೇ ಹಲವರು ಹಿಂಜರಿದರು. ಕನ್ನಂಬಾಡಿಯ ನೀರೂ ಭದ್ರಾವತಿಯ ಕಬ್ಬಿಣವೂ ನಮ್ಮ ತೆರಿಗೆಯ ಹಣದಿಂದ ಬಂದವು, ಅವುಗಳ ಫಲವು ಬಡ ಉತ್ತರಕ್ಕೆ ಹರಿದುಹೋದೀತೆಂದರು ಕೆಲವರು. ಹೊಸ ನಾಡಿನಲ್ಲಿ ನಮ್ಮ ಜಾತಿಯ ಸಂಖ್ಯಾಬಲವು ಕುಗ್ಗೀತೆಂದು ಎಣಿಕೆ ಹಾಕಿದರು ಇನ್ನು ಕೆಲವರು. ಆ ಅಳುಕು ತೋರಿದವರಲ್ಲಿ ಹನುಮಂತಯ್ಯನವರ ಬೆಂಬಲಿಗರೇ ಬಹಳ.

ಆ ಅಳುಕಿಗೆ ಗಾಳಿಯೂದಿದ್ದರೆ ಅವರಿಗೆ ಜಯಕಾರಕ್ಕೆ ಕೊರತೆಯಿರುತ್ತಿರಲಿಲ್ಲ. 1955ರಲ್ಲಿ ಫಜಲ್ ಅಲಿ ಆಯೋಗದ ವರದಿಯು ಬಂದಾಗ ಅವರು ಏಕೀಕರಣದ ಪರವಾಗಿಯೇ ನಿಂತರು. 1956ರ ಆಗಸ್ಟಿನಲ್ಲಿ ಅವರು ಅಧಿಕಾರವನ್ನು ಬಿಡಬೇಕಾಯಿತು. ಪಕ್ಷದೊಳಗಿನ ಬೇರೆ ಬೇಗುದಿಗಳೂ ಅದಕ್ಕೆ ಕಾರಣವಾಗಿದ್ದವೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಆದರೂ ಆ ವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅದರ ಮುಖ್ಯಮಂತ್ರಿಯ ಪೀಠದಲ್ಲಿ ಕುಳಿತವರು ಎಸ್. ನಿಜಲಿಂಗಪ್ಪನವರು, ವಿಧಾನಸೌಧವನ್ನು ಕಟ್ಟಿಸಿದ ಹನುಮಂತಯ್ಯನವರಲ್ಲ.

ನ್ಯಾಯಾಲಯದ ವೃತ್ತಿಯಿಂದ ನಾವು ಕಲಿತ ಒಂದು ಮಾತನ್ನು ಇಲ್ಲಿ ಹೇಳುತ್ತೇವೆ. ಕಕ್ಷಿಗಾರನು ವಕಾಲತ್ತು ಬರೆದುಕೊಟ್ಟನೆಂದಮಾತ್ರಕ್ಕೆ ವಕೀಲನು ಅವನ ಕಿವಿಗೆ ಹಿತವಾದುದನ್ನೇ ನುಡಿಯಬೇಕೆಂದಿಲ್ಲ. ಅಣ್ಣತಮ್ಮಂದಿರ ಭಾಗದ ವ್ಯಾಜ್ಯದಲ್ಲಿ “ರಾಜಿಯಾಗು, ಮನೆ ಒಡೆಯಬೇಡ” ಎನ್ನುವ ವಕೀಲನು ಹಲವು ಬಾರಿ ಕಕ್ಷಿಗಾರನನ್ನೇ ಕಳೆದುಕೊಳ್ಳುತ್ತಾನೆ. ಮೊಕದ್ದಮೆ ಹೂಡೆಂದು ಹುರಿದುಂಬಿಸುವವನಿಗೆ ಫೀಸು ಬರುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯಂತೆ ಮನೆ ಹಾಳಾಗುತ್ತದೆ. ಮತವೂ ಒಂದು ವಕಾಲತ್ತೇ. ಅದನ್ನು ಪಡೆದವನು ಜನರಿಗೆ ಉತ್ತರವಾದಿ, ಸರಿ. ಆದರೆ ಉತ್ತರ ಕೊಡುವುದೆಂದರೆ ತಲೆಯಾಡಿಸುವುದಲ್ಲ. ತನ್ನ ಕಾರಣಗಳನ್ನು ಬಹಿರಂಗವಾಗಿ ಹೇಳಿ, ಜನರು ಒಪ್ಪದಿದ್ದರೆ ಪೀಠ ಬಿಟ್ಟು ಇಳಿಯಲು ಸಿದ್ಧನಿರುವುದು.

ಮುಂದೆ ನಡೆದುದನ್ನು ಕನಕಪುರದ ಜನರೇ ಬಲ್ಲರು. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದಾಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಅವರು ಉತ್ತರ ಕನ್ನಡದ ಸಿದ್ದಾಪುರ ಸೀಮೆಯವರು; 1956ರವರೆಗೆ ಅದು ಮುಂಬಯಿಗೆ ಸೇರಿದ್ದ ನೆಲ. ಅವರನ್ನು ಉಪಚುನಾವಣೆಯಲ್ಲಿ ಗೆಲ್ಲಿಸಿ ವಿಧಾನಸಭೆಗೆ ಕಳುಹಿಸಿದ ಕ್ಷೇತ್ರವು ಕನಕಪುರ. ಮುಖ್ಯಮಂತ್ರಿಯೇ ಬಂದು ನಿಂತರೆ ಯಾವ ಊರಾದರೂ ಗೆಲ್ಲಿಸೀತು ಎಂದು ಕೆಲವರು ನಕ್ಕಾರು. ನಗಲಿ. ಆದರೆ ಹೊರಗಿನವರು ನಮ್ಮನ್ನು ಆಳಿಯಾರೆಂದು ಒಂದು ಕಾಲದಲ್ಲಿ ಬೆದರಿದ್ದ ಸೀಮೆಯೇ 27 ವರ್ಷಗಳೊಳಗಾಗಿ ಆ ‘ಹೊರಗಿನವರ’ ಪೈಕಿ ಒಬ್ಬರನ್ನು ತನ್ನ ಪ್ರತಿನಿಧಿಯನ್ನಾಗಿ ಆರಿಸಿತೆಂಬುದು ನಿಜ. ಅಳುಕು ಸುಳ್ಳಾಯಿತು; ಅದನ್ನು ಎದುರಿಸಿದವರ ಮಾತು ಉಳಿಯಿತು.

ದೊಡ್ಡಆಲಹಳ್ಳಿಯ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗೆ ಹೀಗೆ ಹೇಳಬಹುದು: ಜನನಾಯಕನು ಜನರಿಗೆ ಒಪ್ಪದ ಕಾರ್ಯವನ್ನು ಮಾಡಬಹುದು, ಅದರ ನಷ್ಟವು ತನ್ನ ಮೇಲೆ ಬೀಳುವುದಾದರೆ. ನಷ್ಟವೆಲ್ಲವೂ ಮತವಿಲ್ಲದವರ, ಸಂಖ್ಯೆಯಲ್ಲಿ ಕಡಿಮೆಯಾದವರ ತಲೆಯ ಮೇಲೆ ಬೀಳುವುದಾದರೆ, ಎಲ್ಲರೂ ಒಪ್ಪಿ ಜಯಕಾರ ಮಾಡಿದರೂ ಆ ಕಾರ್ಯವನ್ನು ಮಾಡಕೂಡದು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ವಾಚಕರು ಈ ಒಂದು ಪ್ರಶ್ನೆಯಿಂದ ಪರೀಕ್ಷಿಸಲಿ: “ನಮಗೆ ಹಿತವಲ್ಲದ ಯಾವ ಸತ್ಯವನ್ನು ನೀವು ಇದುವರೆಗೆ ನಮಗೆ ಹೇಳಿದ್ದೀರಿ?”